ಕೂಸಿಗೆ ಕಥೆ ಓದುವ ಹೊತ್ತು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮಲಗುವ ಮುಂಚೆ ಎಳೆಮಕ್ಕಳಿಗೆ ಕಥೆ ಓದುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವು ಒಂದು ವರ್ಷ ತುಂಬದ ಮಕ್ಕಳ ಅಪ್ಪ-ಅಮ್ಮಂದಿರಿಂದ ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಒಂದೇ ಕಡೆ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಬಾಣಂತನಕ್ಕೆ ತವರಿನಲ್ಲಿದ್ದೇನೆ. ರಾತ್ರಿ ಪುಸ್ತಕ ಹಿಡಿದು ಕೂತರೆ ‘ಅದಕ್ಕೇನು ತಿಳಿಯುತ್ತೆ ಅಂತ ಓದ್ತೀಯ’ ಎಂದು ಮನೆಮಂದಿ ನಗುತ್ತಾರೆ. ಯಾವಾಗಿನಿಂದ ಓದಿದರೆ ಉಪಯೋಗ?
– ಬಾಣಂತಿ, ತೀರ್ಥಹಳ್ಳಿ

ಉತ್ತರ: ಕಥೆ ತಿಳಿಯುವುದಿಲ್ಲ, ಅವರು ಹೇಳುವುದು ನಿಜ. ಆದರೆ ಎರಡು ತಿಂಗಳ ಕೂಸು ಕಿವಿ ಕೊಡುವುದು ಕಥೆಗಲ್ಲ, ನಿಮ್ಮ ದನಿಯ ಏರಿಳಿತಕ್ಕೆ. ಗರ್ಭದಲ್ಲಿ ಆರು ತಿಂಗಳು ಕಳೆಯುವ ಹೊತ್ತಿಗೇ ಮಗುವಿನ ಕಿವಿ ಕೆಲಸ ಶುರು ಮಾಡಿರುತ್ತದೆ. 1986ರಲ್ಲಿ ಆಂಥನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬ ಅಮೆರಿಕದ ಸಂಶೋಧಕರು ಗರ್ಭಿಣಿಯರಿಂದ ಕೊನೆಯ ಆರು ವಾರ ದಿನವೂ ಒಂದೇ ಮಕ್ಕಳ ಕಥೆಯನ್ನು ಗಟ್ಟಿಯಾಗಿ ಓದಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಆ ಶಿಶುಗಳು ಚೀಪುವ ಲಯ ಬದಲಿಸಿ, ಹೊಸ ಕಥೆಗಿಂತ ಅದೇ ಕಥೆ ಬೇಕೆಂದು ತೋರಿಸಿದವು. ಬೇರೆ ಹೆಂಗಸು ಓದಿದಾಗಲೂ ಅಷ್ಟೆ. ಅಮ್ಮನ ದನಿಯ ಜೊತೆಗೆ ಮಾತಿನ ಓಟವೂ ಅವಕ್ಕೆ ಗುರುತು ಸಿಕ್ಕಿತ್ತು.

ಹಾಗಾಗಿ ಇವತ್ತಿನಿಂದಲೇ ಓದಬಹುದು. ಈ ವಯಸ್ಸಿನಲ್ಲಿ ಎರಡು-ಮೂರು ನಿಮಿಷ ಧಾರಾಳ. ಎಳೆಗೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ ವಸ್ತು. ಎದೆಗೊರಗಿದ ಕೂಸಿಗೂ ನಿಮ್ಮ ಮುಖಕ್ಕೂ ನಡುವೆ ಇರುವಷ್ಟೇ ಅಂತರ. ಪುಸ್ತಕವೂ ಅಷ್ಟೇ ದೂರದಲ್ಲಿರಲಿ. ತಿಳಿಬಣ್ಣದ ಚೆಂದದ ಚಿತ್ರಗಳು ದೊಡ್ಡವರ ಕಣ್ಣಿಗೆ ಹಬ್ಬ, ಎರಡು ತಿಂಗಳ ಕೂಸಿಗೆ ಬರೀ ಮಬ್ಬು. ಬಿಳಿಯ ಮೇಲೆ ದಪ್ಪ ಕಪ್ಪು ಗೆರೆ, ದೊಡ್ಡ ವೃತ್ತ, ಎದ್ದು ಕಾಣುವ ಮುಖ ಇದ್ದರೆ ನೋಟ ನಿಲ್ಲುತ್ತದೆ.

ಒಂದು ಸಾಲು ಓದಿ ಸುಮ್ಮನಿರಿ. ಮನಸ್ಸಿನಲ್ಲೇ ಐದು ಎಣಿಸಿ. ಕೂಸು ‘ಊಂ’ ಎನ್ನಬಹುದು, ಕಾಲು ಒದೆಯಬಹುದು, ಬರೀ ದಿಟ್ಟಿಸಬಹುದು. ಅದಕ್ಕೆ ‘ಹೌದಾ ಪುಟ್ಟಿ’ ಎಂದು ಮರುಮಾತು ಕೊಟ್ಟು ಮುಂದಿನ ಸಾಲಿಗೆ ಹೋಗಿ. ಅವಸರದಲ್ಲಿ ಪುಟ ಮುಗಿಸುವವರು ಈ ಬಿಡುವನ್ನೇ ಕೊಡುವುದಿಲ್ಲ. ನೋಟ ಬೇರೆಡೆ ತಿರುಗಿದರೆ, ಆಕಳಿಕೆ ಬಂದರೆ, ಬೆನ್ನು ಸೆಟೆದರೆ ಅಲ್ಲಿಗೆ ನಿಲ್ಲಿಸಿ. ಅಂದಹಾಗೆ ನಗುವ ಮನೆಮಂದಿಯೂ ತೊಟ್ಟಿಲು ತೂಗುತ್ತಾ ಜೋಗುಳ ಹಾಡುತ್ತಾರಲ್ಲ, ಅದೂ ಇದೇ ಕೆಲಸ. ಅದು ಕೂಸಿಗೆ ತಿಳಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ!

ಪ್ರಶ್ನೆ: ನಮ್ಮ ಮಗನಿಗೆ ಎಂಟು ತಿಂಗಳು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ರಾತ್ರಿ ಒಂಬತ್ತರ ಸುಮಾರಿಗೆ ಕಥೆ ಶುರು ಮಾಡಿದರೆ ಎರಡನೇ ಪುಟಕ್ಕೇ ರಂಪ. ಪುಸ್ತಕ ಕಿತ್ತು ಎಸೆಯುತ್ತಾನೆ. ಇವನಿಗೆ ಕಥೆ ಇಷ್ಟವಿಲ್ಲವೇ?
– ಅಪ್ಪ, ಬೆಂಗಳೂರು

ಉತ್ತರ: ಇಷ್ಟವಿಲ್ಲ ಎನ್ನುವುದಕ್ಕಿಂತ ಹೊತ್ತು ಮೀರಿದೆ ಎನ್ನುವುದೇ ಸರಿ. ಈ ವಯಸ್ಸಿನ ಹೆಚ್ಚಿನ ಮಕ್ಕಳು ಸಂಜೆಯ ನಿದ್ದೆಯಿಂದ ಎದ್ದ ಮೇಲೆ ಸುಮಾರು ಮೂರು ಗಂಟೆ ಲವಲವಿಕೆಯಿಂದ ಇರುತ್ತವೆ. ಅದು ದಾಟಿದರೆ ದಣಿವು ಹಟಕ್ಕೆ ತಿರುಗುತ್ತದೆ, ಆಗ ಯಾವ ಪುಸ್ತಕವೂ ಬೇಡ. ಕಣ್ಣುಜ್ಜಿಕೊಳ್ಳುವುದು, ಕಿವಿ ಎಳೆದುಕೊಳ್ಳುವುದು, ಆಟಿಕೆ ಕೊಟ್ಟರೆ ಕೈಬಿಡುವುದು ಯಾವಾಗ ಶುರುವಾಗುತ್ತದೆ ಎಂದು ಎರಡು-ಮೂರು ದಿನ ಗಮನಿಸಿ. ಆ ಹೊತ್ತಿಗೆ ಇಪ್ಪತ್ತು ನಿಮಿಷ ಮುಂಚೆ ಪುಸ್ತಕ ಕೈಗೆ ಬರಬೇಕು.

ಅನುಕ್ರಮ ಹೀಗಿಟ್ಟುಕೊಳ್ಳಿ: ರಾಗಿ ಸರಿಯೋ ಅನ್ನವೋ ಮುಗಿದು, ಮೈ ಒರೆಸಿ, ಡೈಪರ್ ಬದಲಿಸಿ, ರಾತ್ರಿಯ ಬಟ್ಟೆ ಹಾಕಿ, ಹಾಲು ಕುಡಿಸಿ, ಒದ್ದೆ ಬಟ್ಟೆಯಲ್ಲಿ ಒಸಡು-ಹಲ್ಲು ಒರೆಸಿ, ಆಮೇಲೆ ಪುಸ್ತಕ. ಹಾಲನ್ನು ಪುಸ್ತಕಕ್ಕಿಂತ ಮೊದಲು ಇಟ್ಟಿದ್ದಕ್ಕೆ ಕಾರಣ ಕೆಳಗೆ ದಾವಣಗೆರೆಯವರ ಪ್ರಶ್ನೆಯಲ್ಲಿದೆ. ಡೈಪರ್ ಬದಲಿಸುವುದನ್ನು ಕಥೆಯ ನಂತರಕ್ಕೆ ಇಟ್ಟರೆ ಶಾಂತವಾಗಿದ್ದ ಮಗು ಮತ್ತೆ ಎಚ್ಚೆತ್ತು ಕೂರುತ್ತದೆ. ಎಷ್ಟೋ ಮನೆಗಳಲ್ಲಿ ಆಗುವ ಎಡವಟ್ಟು ಇಷ್ಟೇ.

ಕೋಣೆಯ ಬಿಳಿ ಟ್ಯೂಬ್‌ಲೈಟ್ ಆರಿಸಿ. 3ರಿಂದ 5 ವ್ಯಾಟ್‌ನ ಹಳದಿ ಎಲ್‌ಇಡಿ ಬಲ್ಬ್ (ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದಿರುತ್ತದೆ) ನಿಮ್ಮ ಹೆಗಲ ಹಿಂದೆ ಇರಲಿ. ಬೆಳಕು ಪುಟಕ್ಕೆ ಬೀಳಬೇಕು, ಮಗುವಿನ ಕಣ್ಣಿಗಲ್ಲ. ಜೀರೋ ಬಲ್ಬಿನಲ್ಲಿ ಚಿತ್ರ ಕಾಣುವುದಿಲ್ಲ. ಹಾಲ್‌ನಲ್ಲಿ ಧಾರಾವಾಹಿ ಓಡುತ್ತಿದ್ದರೆ ಬಾಗಿಲು ಹಾಕಿದರೂ ಸಂಭಾಷಣೆ ಕೇಳುತ್ತದೆ, ಮಗುವಿನ ತಲೆ ಅತ್ತಲೇ ತಿರುಗುತ್ತದೆ. ಹತ್ತು ನಿಮಿಷ ಟಿವಿ ಆರಿಸುವಂತೆ ಮನೆಯವರಲ್ಲಿ ಕೇಳಿಕೊಳ್ಳಿ.

ಗೋಡೆಗೆ ಒರಗಿ ಕೂತು, ಮಗುವಿನ ಬೆನ್ನು ನಿಮ್ಮ ಎದೆಗೆ ತಾಗುವಂತೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಎಡಗೈ ಅದರ ಹೊಟ್ಟೆಯ ಸುತ್ತ, ಬಲಗೈಯಲ್ಲಿ ಪುಸ್ತಕ. ಪುಟ ತಿರುಗಿಸಲು ಮಗು ಕೈ ಚಾಚಿದರೆ ಬಿಡಿ. ಎರಡು ಪುಟ ಒಟ್ಟಿಗೆ ಹಾರಿದರೂ ಹಿಂದಕ್ಕೆ ತಿರುಗಿಸಬೇಡಿ. ಅದು ಎಲ್ಲಿ ನಿಂತಿತೋ ಅಲ್ಲಿಯ ಚಿತ್ರ ತೋರಿಸಿ ‘ನಾಯಿ, ಬೌ ಬೌ’ ಎಂದರೂ ಕಥೆಯೇ. ಐದರಿಂದ ಹತ್ತು ನಿಮಿಷ ಸಾಕು. ಕೊನೆಯ ಎರಡು ಪುಟಗಳಲ್ಲಿ ದನಿ ತಗ್ಗಿಸಿ, ನಿಧಾನವಾಗಿ ಓದಿ. ಹುಲಿ ಗರ್ಜನೆ, ರೈಲಿನ ಕೂಗು ಇರುವ ಪುಸ್ತಕವನ್ನು ಹಗಲಿಗೆ ಇಟ್ಟುಕೊಳ್ಳಿ. ಅಪ್ಪಂದಿರಿಗೆ ಈ ಮಾತು ಒಂಚೂರು ಒತ್ತಿ ಹೇಳಬೇಕು.

ಸೋಫಾದಲ್ಲಿ ಮಗುವನ್ನು ಎದೆಗೊರಗಿಸಿಕೊಂಡು ಓದುತ್ತಾ ನೀವೇ ತೂಕಡಿಸುವುದು ಅಪಾಯ. ಮಗು ಕುಶನ್ನಿನ ಸಂದಿಗೆ ಜಾರಿ ಉಸಿರುಗಟ್ಟಬಹುದು. ನಿಮಗೇ ನಿದ್ದೆ ಎಳೆಯುತ್ತಿದ್ದರೆ ಪುಸ್ತಕ ಮುಚ್ಚಿ, ಮಗುವನ್ನು ಅದರ ಜಾಗದಲ್ಲಿ ಅಂಗಾತ ಮಲಗಿಸಿ. ಒಂದು ವರ್ಷ ತುಂಬುವ ತನಕ ಮಗ್ಗುಲಲ್ಲಿ ದಿಂಬು, ಬೊಂಬೆ, ಬಟ್ಟೆಯ ಪುಸ್ತಕ ಯಾವುದೂ ಇರಬಾರದು.

ಮನೆ ಸೇರುವುದೇ ಒಂಬತ್ತಕ್ಕಾದರೆ ಬೆಳಿಗ್ಗೆ ಎದ್ದ ಕೂಡಲೇ ಓದಿ. ರಾತ್ರಿಯೇ ಓದಬೇಕೆಂಬ ಶಾಸ್ತ್ರವೇನಿಲ್ಲ.

ಪ್ರಶ್ನೆ: ಏಳು ತಿಂಗಳ ಮಗಳು ಪುಸ್ತಕ ಕಂಡರೆ ನೇರ ಬಾಯಿಗೆ. ಎರಡು ಪುಸ್ತಕದ ಮೂಲೆ ಕಚ್ಚಿ ತಿಂದೇಬಿಟ್ಟಳು. ಎಂಥ ಪುಸ್ತಕ ಕೊಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಬಾಯಿಗೆ ಹಾಕುವುದು ಈ ವಯಸ್ಸಿನ ಪರೀಕ್ಷೆ, ತಡೆಯಲಾಗದು. ಬಾಯಿಗೆ ಹಾಕಿದರೂ ತೊಂದರೆಯಾಗದ ಪುಸ್ತಕ ಕೊಡುವುದೊಂದೇ ದಾರಿ. ದಪ್ಪ ರಟ್ಟಿನ ಬೋರ್ಡ್ ಬುಕ್ ಕೊಳ್ಳಿ: ಸುಮಾರು 15 ಸೆಂಟಿಮೀಟರ್ ಚೌಕ, ಹತ್ತು-ಹನ್ನೆರಡು ಪುಟ, ಒಂದೊಂದು ಹಾಳೆಯೂ ಒಂದೂವರೆ ಮಿಲಿಮೀಟರ್‌ಗಿಂತ ದಪ್ಪ, ಮೂಲೆಗಳು ದುಂಡಗೆ. ಪುಟಕ್ಕೆ ಒಂದೇ ಚಿತ್ರ, ಒಂದೆರಡು ಪದ. ಮನೆಗೆ ತಂದೊಡನೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಚಿತ್ರದ ಮೇಲೆ ಹತ್ತು ಸಲ ಉಜ್ಜಿ. ಬಣ್ಣ ಬಟ್ಟೆಗೆ ಹತ್ತಿದರೆ ವಾಪಸ್ ಕೊಡಿ. ಅಂಟಿಸಿದ ಮಣಿ, ಗುಂಡಿ, ಅಲುಗಾಡುವ ಪ್ಲಾಸ್ಟಿಕ್ ಕಣ್ಣು (ಗೂಗ್ಲಿ ಕಣ್ಣು) ಇರುವುದು ಬೇಡ. ಮೂರು ಸೆಂಟಿಮೀಟರ್‌ಗಿಂತ ಸಣ್ಣದಾದ ಯಾವುದೇ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಜೊಲ್ಲಿನಲ್ಲಿ ನೆನೆದ ರಟ್ಟಿನ ಮೂಲೆ ಪದರ ಬಿಡುತ್ತದೆ, ಮಗು ಆ ತುಣುಕನ್ನು ನುಂಗಲು ನೋಡುತ್ತದೆ. ಮೂಲೆ ಮೆತ್ತಗಾದ ದಿನವೇ ಕತ್ತರಿಯಿಂದ ದುಂಡಗೆ ಕತ್ತರಿಸಿ ತೆಗೆಯಿರಿ. ಸ್ವಚ್ಛ ಮಾಡಲು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಪುಟಗಳನ್ನು ಬಿಡಿಸಿ ಫ್ಯಾನಿನಡಿ ನಿಲ್ಲಿಸಿಡಿ. ಮುಚ್ಚಿಟ್ಟರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಗುಂಡಿ ಒತ್ತಿದರೆ ಹಾಡುವ ಪುಸ್ತಕ ಉಡುಗೊರೆ ಬಂದಿದ್ದರೆ ಹಿಂಭಾಗ ನೋಡಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಪುಸ್ತಕ ಮಗುವಿಗೆ ಸಿಗದಿರಲಿ. ಒಳಗಿನ ಬಿಲ್ಲೆಯಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಸುಟ್ಟಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಅಗ್ಗದ ದಾರಿಯೂ ಒಂದಿದೆ. ಅಜ್ಜಿ, ಅಪ್ಪ, ಮನೆಯ ಬೆಕ್ಕು, ಮಗುವಿನದೇ ಲೋಟ, ಬಾಳೆಹಣ್ಣು, ಸೈಕಲ್ಲು ಹೀಗೆ ಆರು ಫೋಟೊಗಳನ್ನು 4×6 ಇಂಚಿಗೆ ಪ್ರಿಂಟ್ ಹಾಕಿಸಿ. ಒಂದೊಂದನ್ನೂ ರಟ್ಟಿಗೆ ಅಂಟಿಸಿ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ. ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಅಂಚು ಉಳಿಸದಿದ್ದರೆ ಜೊಲ್ಲು ಒಳಗಿಳಿಯುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಲ್ಯಾಮಿನೇಷನ್ನಿನ ಚೂಪು ಮೂಲೆ ಕಣ್ಣಿಗೆ ಅಪಾಯ. ಎಡ ಅಂಚಿನ ಪ್ಲಾಸ್ಟಿಕ್ ಅಗಲವಾಗಿರಲಿ, ಅಲ್ಲೇ ಎರಡು ತೂತು ಹಾಕಿ ಹತ್ತಿ ದಾರದಿಂದ ಗಂಟು ಹಾಕಿ. ದಾರದ ತುದಿ ಜೋಲಾಡಬಾರದು. ಸ್ಪೈರಲ್ ಹಾಕಿಸಬೇಡಿ, ಅದರ ತುದಿ ಚುಚ್ಚುತ್ತದೆ. ಆರು ಪುಟದ ಈ ಪುಸ್ತಕವನ್ನು ಮಗು ಅಂಗಡಿಯ ಪುಸ್ತಕಕ್ಕಿಂತ ಹೆಚ್ಚು ದಿನ ಕೇಳುತ್ತದೆ, ಏಕೆಂದರೆ ಅದರಲ್ಲಿರುವವರೆಲ್ಲ ಪರಿಚಯದವರು.

ಪ್ರಶ್ನೆ: ಅತ್ತೆಯವರು ಅಟ್ಟದ ಮೇಲಿನ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಮಕ್ಕಳ ಪುಸ್ತಕಗಳು ಸಿಕ್ಕಿವೆ. ನುಸಿಗುಳಿಗೆ ವಾಸನೆ ಇದೆ. ಮಗುವಿಗೆ ಕೊಡಬಹುದೇ?
– ಸೊಸೆ, ಸಿರ್ಸಿ

ಉತ್ತರ: ಈಗಲೇ ಬೇಡ. ನುಸಿಗುಳಿಗೆಯಲ್ಲಿರುವ ನಾಫ್ತಲೀನ್ ಎಳೆಮಕ್ಕಳಿಗೆ ವಿಷ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ಅದರ ಆವಿಯೇ ಕೆಂಪು ರಕ್ತಕಣಗಳನ್ನು ಒಡೆದು, ಕಾಮಾಲೆ ತರಬಲ್ಲದು. ಆ ಕೊರತೆ ಇದೆಯೆಂದು ಹೆಚ್ಚಿನ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಅದೇ ಟ್ರಂಕಿನ ದುಪ್ಪಟಿ, ಕುಲಾವಿಗಳಿಗೂ ಈ ಮಾತು ಅನ್ವಯ. ಕರ್ಪೂರವೂ ಮಗುವಿನ ಕೈಗೆ ಸಿಗಬಾರದು.

ಪುಸ್ತಕಗಳನ್ನು ಮಗುವಿಲ್ಲದ ಜಾಗದಲ್ಲಿ ಬಿಡಿಸಿ ಗಾಳಿಗೆ ಇಡಿ, ಮೃದು ಬ್ರಷ್‌ನಿಂದ ಧೂಳು ಕೊಡವಿ. ಮಳೆಗಾಲದ ಬೂಷ್ಟು ಹಿಡಿದು ಪುಟಗಳಲ್ಲಿ ಕಪ್ಪು ಚುಕ್ಕೆ ಬಿದ್ದಿದ್ದರೆ ಆ ಪುಸ್ತಕದ ಆಸೆ ಬಿಡಿ. ಉಳಿದವನ್ನು ವಾಸನೆ ಪೂರ್ತಿ ಹೋದ ಮೇಲೆ, ಮಗು ಪುಸ್ತಕ ಕಚ್ಚುವ ವಯಸ್ಸು ದಾಟಿದ ಮೇಲೆ ತೆಗೆಯಿರಿ. ಕಥೆಗಳಿಗೆ ವಯಸ್ಸಾಗಿಲ್ಲ, ಕಾಯಬಲ್ಲವು.

ಪ್ರಶ್ನೆ: ನಾನು ಧಾರವಾಡದವನು, ಹೆಂಡತಿ ಮಂಗಳೂರಿನ ತುಳು ಮನೆಯವಳು, ಇರುವುದು ಪುಣೆಯಲ್ಲಿ, ಮಗು ನೋಡಿಕೊಳ್ಳುವಾಕೆ ಮರಾಠಿಯವರು. ಯಾವ ಭಾಷೆಯಲ್ಲಿ ಓದೋಣ? ಮಗುವಿಗೆ ಗೊಂದಲವಾಗದೇ?
– ಓದುಗರು, ಪುಣೆ

ಉತ್ತರ: ಗೊಂದಲವಾಗುವುದಿಲ್ಲ. ಎರಡು-ಮೂರು ಭಾಷೆ ಕೇಳಿ ಬೆಳೆಯುವ ಮಗು ಮುಂದೆ ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಿ ಮಾತಾಡಿದರೆ ಅದು ದೋಷವಲ್ಲ. ಯಾರಿಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು, ರೇಗಿಸಲು ಸಲೀಸೋ ಅವರು ಅದರಲ್ಲೇ ಓದಲಿ. ಒಂದೇ ಚಿತ್ರಪುಸ್ತಕ ನಿಮ್ಮ ಬಾಯಲ್ಲಿ ಕನ್ನಡ, ನಿಮ್ಮ ಹೆಂಡತಿಯ ಬಾಯಲ್ಲಿ ತುಳು ಆಗಬಹುದು. ತುಳುವಿನಲ್ಲಿ ಎಳೆಮಕ್ಕಳ ಪುಸ್ತಕ ಸಿಗುವುದೇ ಕಡಿಮೆ, ಆದ್ದರಿಂದ ಅವರು ಚಿತ್ರ ನೋಡಿ ಹೇಳುವುದೇ ಸರಿ.

ಕನ್ನಡ ಪುಸ್ತಕವನ್ನೂ ಅಚ್ಚಿನಲ್ಲಿರುವಂತೆಯೇ ಓದಬೇಕಿಲ್ಲ. ‘ಕಾಗೆಯು ಮರದ ಮೇಲೆ ಕುಳಿತಿತ್ತು’ ಎಂದಿದ್ದರೆ ನೀವು ‘ಕಾಗಿ ಗಿಡದ ಮ್ಯಾಲೆ ಕುಂತಿತ್ತು’ ಅನ್ನಿ. ಮನೆಯಲ್ಲಿ ಕಿವಿಗೆ ಬೀಳುವ ಮಾತೇ ಪುಟದಲ್ಲೂ ಸಿಕ್ಕಿದರೆ ಮಗು ಬೇಗ ಹಿಡಿಯುತ್ತದೆ. ಆದರೆ ಒಂದು ಪುಸ್ತಕಕ್ಕೆ ಒಮ್ಮೆ ಒಂದು ಸಾಲು ಆರಿಸಿಕೊಂಡರೆ ದಿನವೂ ಅದನ್ನೇ ಹೇಳಿ.

ಪುಣೆಯಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ ಎಂಬ ಚಿಂತೆ ಬೇಡ. ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಮೊದಲನೇ ಓದಿನ ಹಂತದ ಸುಲಭ ಕಥೆಗಳನ್ನು ಇಳಿಸಿಕೊಂಡು ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ-ಇಂಗ್ಲಿಷ್ ಒಟ್ಟಿಗಿರುವ ಪುಸ್ತಕಗಳನ್ನು ತಂದಿದೆ. ನ್ಯಾಷನಲ್ ಬುಕ್ ಟ್ರಸ್ಟ್‌ನವು ಅಗ್ಗ, ಆದರೆ ಕಾಗದ ತೆಳು. ಕಚ್ಚುವ ಮಗುವಿನ ಕೈಗೆ ಕೊಡದೆ ನೀವೇ ಹಿಡಿದುಕೊಳ್ಳಿ.

ಪ್ರಶ್ನೆ: ಮಗುವನ್ನು ನೋಡಿಕೊಳ್ಳುವ ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ. ಅವರಿಂದ ಇದು ಆಗುತ್ತದೆಯೇ?
– ಮೊಮ್ಮಗಳು, ಮಂಡ್ಯ

ಉತ್ತರ: ನಿಮಗಿಂತ ಚೆನ್ನಾಗಿ ಆಗುತ್ತದೆ. ಅಕ್ಷರವಿಲ್ಲದ, ಬರೀ ಚಿತ್ರದ ಪುಸ್ತಕ ಕೊಟ್ಟುಬಿಡಿ. ಅವರಿಗೆ ಬರುವ ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ಗಮನಿಸಿ: ಮಳೆಯಲ್ಲಿ ನೆನೆದ ಕಾಗಕ್ಕ ಬಾಗಿಲು ತೆಗಿ ಎನ್ನುವುದು, ಗುಬ್ಬಕ್ಕ ತಾಳು ಮಗೂಗೆ ನೀರು ಹಾಕ್ತಿದ್ದೀನಿ, ತಾಳು ಬಟ್ಟೆ ಹಾಕ್ತಿದ್ದೀನಿ, ತಾಳು ಹಾಲು ಕುಡಿಸ್ತಿದ್ದೀನಿ ಎಂದು ಸಾಗಹಾಕುವುದು. ಒಂದೇ ಮಾತು ಮರಳಿ ಮರಳಿ ಬರುತ್ತದೆ, ಪ್ರತಿ ಸಲ ಒಂದೇ ಪದ ಬದಲಾಗುತ್ತದೆ, ಅದೂ ಮಗು ದಿನಾ ಕಾಣುವ ಕೆಲಸವೇ. ಎಳೆಮಕ್ಕಳ ಕಥೆ ಹೀಗೇ ಇರಬೇಕು.

ಪ್ರಶ್ನೆ: ಯೂಟ್ಯೂಬ್ ಕಥೆ ಹಾಕಿದರೆ ಆರು ತಿಂಗಳ ಮಗ ತದೇಕಚಿತ್ತದಿಂದ ನೋಡುತ್ತಾನೆ, ಪುಸ್ತಕಕ್ಕೆ ಅಷ್ಟು ಗಮನವಿಲ್ಲ. ಅದೇ ಸಾಲದೇ? ಮೈಸೂರಿನ ಅಜ್ಜ-ಅಜ್ಜಿ ವಿಡಿಯೊ ಕಾಲ್‌ನಲ್ಲಿ ಕಥೆ ಹೇಳಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಮಿನುಗಿ ಬದಲಾಗುವ ಬೆಳಕಿಗೆ ಕಣ್ಣು ಕಚ್ಚಿಕೊಳ್ಳುತ್ತದೆ, ಅದನ್ನು ಗಮನ ಎನ್ನಲಾಗದು. ಮಗು ‘ಆ’ ಎಂದರೆ ಯೂಟ್ಯೂಬ್ ಕಾಯುವುದಿಲ್ಲ, ತಿರುಗಿ ‘ಆ’ ಎನ್ನುವುದೂ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ. ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ.

ಆದ್ದರಿಂದ ಅಜ್ಜ-ಅಜ್ಜಿ ಧಾರಾಳವಾಗಿ ಹೇಳಲಿ, ಮಲಗುವ ಹೊತ್ತಿನಲ್ಲಿ ಮಾತ್ರ ಬೇಡ. ನಿಮ್ಮ ಸಂಜೆ ಏಳು ಅವರಿಗೆ ನಸುಕು. ಬೇಸಿಗೆಯಲ್ಲಿ ನಿಮ್ಮ ಬೆಳಗಿನ ಎಂಟು ಗಂಟೆ ಮೈಸೂರಿನಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಒಂದೇ ಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅವರಿಗೆ ಕೊಡಿ. ಅವರು ಅಲ್ಲಿ ಓದುವಾಗ ನೀವು ಇಲ್ಲಿ ಪುಟ ತಿರುಗಿಸಿ ತೋರಿಸಿ. ದನಿ ಒಂದೆರಡು ಕ್ಷಣ ತಡವಾಗಿ ಬರುವುದರಿಂದ ಸಾಲಿನ ನಡುವೆ ಇನ್ನಷ್ಟು ಬಿಡುವು ಕೊಡಲು ಅಜ್ಜನಿಗೆ ಹೇಳಿ.

ಪ್ರಶ್ನೆ: ಮಗಳು 32 ವಾರಕ್ಕೇ ಹುಟ್ಟಿದಳು. ಈಗ ನಾಲ್ಕು ತಿಂಗಳು. ಓದಿದರೆ ಮುಖ ತಿರುಗಿಸುತ್ತಾಳೆ.
– ತಾಯಿ, ಕಲಬುರಗಿ

ಉತ್ತರ: ಎಂಟು ವಾರ ಬೇಗ ಹುಟ್ಟಿದ್ದರಿಂದ ಅವಳನ್ನು ಸದ್ಯ ಎರಡು ತಿಂಗಳ ಮಗು ಎಂದೇ ಎಣಿಸಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಒಂದೇ ಹೊತ್ತಿಗೆ ಚಿತ್ರ, ದನಿ, ತೂಗಾಟ ಮೂರೂ ಸೇರಿದರೆ ಹೆಚ್ಚಾಗುತ್ತದೆ. ಮುಖ ತಿರುಗಿಸುವುದು, ಬೆರಳು ಅಗಲಿಸಿ ಚಾಚುವುದು, ಬಿಕ್ಕಳಿಕೆ, ಸೀನು ಇವೆಲ್ಲ ‘ಸಾಕು’ ಎಂಬ ಸೂಚನೆ. ಚಿತ್ರ ಬಿಡಿ. ಎದೆಗೆ ಒರಗಿಸಿಕೊಂಡು, ಅಲುಗಾಡದೆ, ಪಿಸುಮಾತಿಗಿಂತ ತುಸು ಗಟ್ಟಿಯಾಗಿ ಒಂದೆರಡು ನಿಮಿಷ ಓದಿ.

ಪ್ರಶ್ನೆ: ಹತ್ತು ತಿಂಗಳ ಮಗ ಪುಸ್ತಕ ನೋಡುತ್ತಾನೆ, ಪುಟ ತಿರುಗಿಸುತ್ತಾನೆ. ಆದರೆ ನಾವು ಓದುವುದಕ್ಕೆ, ಹೆಸರು ಕರೆಯುವುದಕ್ಕೆ ತಿರುಗುವುದಿಲ್ಲ. ‘ಗಂಡು ಹುಡುಗರು ಮಾತು ನಿಧಾನ’ ಎನ್ನುತ್ತಾರೆ.
– ಓದುಗರು, ಹಾಸನ

ಉತ್ತರ: ಕಾಯಬೇಡಿ, ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. ಆರು ತಿಂಗಳ ಹೊತ್ತಿಗೆ ಮಗು ದನಿ ಬಂದ ಕಡೆ ತಿರುಗಬೇಕು, ಹತ್ತರ ಹೊತ್ತಿಗೆ ‘ಬಬಬ, ದದದ’ ಎನ್ನುತ್ತಿರಬೇಕು. ಚಪ್ಪಾಳೆ ತಟ್ಟಿ ನೋಡಿದೆವು, ತಿರುಗಿದ ಎನ್ನುವುದು ಪರೀಕ್ಷೆಯಲ್ಲ. ಕೈಯ ಅಲುಗಾಟ, ಗಾಳಿ, ನೆರಳಿಗೂ ಮಗು ತಿರುಗುತ್ತದೆ. ಹುಟ್ಟಿದಾಗ ಪರೀಕ್ಷೆ ಸರಿ ಬಂದಿದ್ದರೂ ಆಮೇಲೆ ಕಿವಿ ಸೋರಿಕೆ, ಸೋಂಕಿನಿಂದ ಶ್ರವಣ ಕುಗ್ಗಬಹುದು. ನಿಮಗೆ ಹತ್ತಿರದಲ್ಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಳೆಮಕ್ಕಳ ಕೆಲವು ಪರೀಕ್ಷೆಗಳು ಮಗು ನಿದ್ದೆಯಲ್ಲಿರುವಾಗಲೇ ನಡೆಯುತ್ತವೆ, ಆದ್ದರಿಂದ ಮಲಗುವ ವೇಳೆ ನೋಡಿಕೊಂಡು ಹೋಗಿ. ಕೇಳುವುದು ಸರಿಯಿದ್ದೂ ಹೆಸರಿಗೆ ತಿರುಗದಿದ್ದರೆ ಮಕ್ಕಳ ವೈದ್ಯರಿಗೆ ಅದನ್ನೇ ಹೇಳಿ. ಅಲ್ಲಿಯವರೆಗೆ ಓದು ನಿಲ್ಲಿಸಬೇಡಿ: ಎದುರಿಗೆ ಕೂರಿಸಿಕೊಂಡು, ಬೆಳಕು ನಿಮ್ಮ ಮುಖದ ಮೇಲಿರುವಂತೆ, ಕೈಸನ್ನೆ ಸೇರಿಸಿ ಓದಿ.

ಪ್ರಶ್ನೆ: ಹನ್ನೊಂದು ತಿಂಗಳ ಮಗಳು ಹಾಲು ಕುಡಿಯುತ್ತಾ, ಕಥೆ ಕೇಳುತ್ತಾ ಮಲಗುತ್ತಾಳೆ. ಆದರೆ ರಾತ್ರಿ ಮೂರು ಸಲ ಎದ್ದು ಎರಡೂ ಬೇಕು ಎಂದು ಅಳುತ್ತಾಳೆ.
– ತಾಯಿ, ದಾವಣಗೆರೆ

ಉತ್ತರ: ಎಲ್ಲ ಮಕ್ಕಳೂ ರಾತ್ರಿ ನಡುನಡುವೆ ಅರೆ ಎಚ್ಚರವಾಗುತ್ತವೆ. ಮಲಗುವಾಗ ಏನಿತ್ತೋ ಆಗ ಅದನ್ನೇ ಹುಡುಕುತ್ತವೆ. ಹಾಲನ್ನು ಹದಿನೈದು ನಿಮಿಷ ಹಿಂದಕ್ಕೆ ತಂದು, ಒಸಡು ಒರೆಸಿ, ಆಮೇಲೆ ಕಥೆ ಓದಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಮಲಗಿದರೆ ಮುಂದಿನ ಹಲ್ಲು ಹುಳುಕಾಗುವ ಭಯವೂ ಇದೆ. ಕಣ್ಣು ಎಳೆಯುತ್ತಿರುವಾಗ, ಪೂರ್ತಿ ಮುಚ್ಚುವ ಮುನ್ನ, ಪುಸ್ತಕ ಮುಚ್ಚಿ ದೀಪ ಆರಿಸಿ ಮಲಗಿಸಿ. ಮೊದಲ ಕೆಲವು ರಾತ್ರಿ ಅಳು ಇರುತ್ತದೆ, ಪಕ್ಕದಲ್ಲಿದ್ದು ತಟ್ಟಿ. ನಡುರಾತ್ರಿ ಎದ್ದಾಗ ದೀಪ ಹಾಕಿ ಪುಸ್ತಕ ತೆಗೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಸಿವು ನಿಜವೆನಿಸಿದರೆ ಕತ್ತಲಲ್ಲೇ ಹಾಲು ಕೊಡಿ.

ಪ್ರಶ್ನೆ: ಹದಿನಾಲ್ಕು ತಿಂಗಳ ಮಗನಿಗೆ ಒಂದೇ ಪುಸ್ತಕ, ಅದೂ ಒಂದೇ ರಾತ್ರಿ ನಾಲ್ಕು ಸಲ. ನಮಗೆ ಸಾಕಾಗಿದೆ. ಬಚ್ಚಿಡಬಹುದೇ?
– ಅಪ್ಪ-ಅಮ್ಮ, ಉಡುಪಿ

ಉತ್ತರ: ಬಚ್ಚಿಟ್ಟರೆ ಹುಡುಕಾಟದಲ್ಲಿ ನಿದ್ದೆಯೇ ಹಾರಿಹೋಗುತ್ತದೆ. ಅವನಿಗೆ ಮುಂದೇನು ಬರುತ್ತದೆ ಎಂದು ಗೊತ್ತಿರುವುದೇ ಖುಷಿ. ಅದನ್ನೇ ಬಳಸಿಕೊಳ್ಳಿ: ‘ಬೆಕ್ಕು ಹಾಲು ನೋಡಿ ಏನಂತು?’ ಎಂದು ನಿಲ್ಲಿಸಿ. ಹತ್ತು ಎಣಿಸುವವರೆಗೂ ನೀವೇ ಹೇಳಿಬಿಡಬೇಡಿ. ಮ್ಯಾಂವ್ ಎನ್ನದಿದ್ದರೂ ಚಿತ್ರಕ್ಕೆ ಬೆರಳು ಇಟ್ಟರೆ ಉತ್ತರ ಬಂದಂತೆ. ಎರಡು ಹೊಸ ಪುಸ್ತಕ ಹಗಲಲ್ಲಿ ಆಟಿಕೆಗಳ ನಡುವೆ ಇಡಿ, ರಾತ್ರಿಗೆ ಹೊಸತು ತರಬೇಡಿ. ಎಷ್ಟು ಸಲ ಎಂಬುದನ್ನು ಶುರುವಿನಲ್ಲೇ ಎರಡು ಬೆರಳು ತೋರಿಸಿ ಹೇಳಿ, ಎರಡನೆಯದು ಮುಗಿದಾಗ ಪುಸ್ತಕವನ್ನು ಅವನ ಕೈಯಿಂದಲೇ ಕಪಾಟಿನಲ್ಲಿ ಇಡಿಸಿ.